ಸಂತೆಗೆ ಹೋದ ಮಾಯಾ ಜನ

ಗುರುವಾರ, ಆಗಸ್ಟ್ ೧೪. ಚಿಚಿಕಾಸ್ತೆನಾಂಗೊ ಊರು, ಸಂತೆಯ ದಿನ.

ಎರಡು ಸಲ ಸೋಪು ಹಚ್ಚಿ ತೊಳೆದರೂ ಬೆರಳಿನ ಕೆಂಪು ಶಾಯಿ ಹೋಗಿಲ್ಲ.

ಈ ತಿಂಗಳು ನಾನು ಕಲಿಸುವ ಮೂರನೇ ತರಗತಿಗೆ ಎಲ್ಲ ವಿಷಯದಲ್ಲೂ ಪ್ರಾಚೀನ ಮಾಯಾ ಜನರದೇ ಪಾಠ. ಗಣಿತದಲ್ಲಿ ಅವರ ಚುಕ್ಕಿ-ಗೆರೆಯ ಅಂಕಿಗಳು, ಚಿತ್ರಕಲೆಯಲ್ಲಿ ಅವರ ಪಿರಮಿಡ್ಡು. ಇವತ್ತು ಪರೀಕ್ಷೆ. ಮೇಲಿನ ಕಚೇರಿಯಿಂದ ಬಂದ ಪತ್ರಿಕೆಯ ಕೊನೆಯ ಪ್ರಶ್ನೆ: ‘ಮಾಯಾ ಜನ ಎಲ್ಲಿಗೆ ಹೋದರು?’ ಸರಿ ಉತ್ತರ: ‘ಕಣ್ಮರೆಯಾದರು.’

ನನ್ನ ತರಗತಿಯ ಹುಡುಗಿ ತಾಲಿನ್ ಬರೆದಿದ್ದಳು: ‘ಸಂತೆಗೆ. ಸಂಜೆ ಬರ್ತಾರೆ.’

ತಪಾಸಣೆಗೆ ಬಂದಿದ್ದ ಎವೆಲಿಯೊ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಿಮ್ಮೋರು ಭಾರಿ ಚುರುಕು ಕಣ್ರೀ ಮೇಷ್ಟ್ರೇ! ಹಾಕಿ, ತಪ್ಪು ಹಾಕಿ.”

ಹಾಕಿದೆ. ಮನೆಯಲ್ಲಿ ಮಾಯಾ ಮಾತೇ ಆಡುವ ನಾನು ಹಾಕಿದೆ. ಅವರ ನಗು ಹೇಸಿಗೆ. ಅದಕ್ಕೆ ನಾನೂ ಹಲ್ಲು ಕಿರಿದದ್ದು ಇನ್ನೂ ಹೇಸಿಗೆ.

“ತಪ್ಪಾ ಮೇಷ್ಟ್ರೇ?” ಎಂದಳು ತಾಲಿನ್. “ಅಜ್ಜಿ ಬೆಳಿಗ್ಗೆ ಬೀಜ ಎಣಿಸಿ ಶಕುನ ನೋಡಿ, ಇವತ್ತಿನ ದಿನ ನಂಗೆ ಒಳ್ಳೇದು ಅಂದಿದ್ಲು. ಅವಳೇ ಅಲ್ವಾ ಸಂತೆಗೆ ಹೋಗಿರೋದು?”

“ಇದು ಹಳೇ ಕಾಲದವರ ವಿಷಯ ಕಣಮ್ಮಾ.”

“ಅಜ್ಜಿನೂ ಹಳೇ ಕಾಲದೋಳೇ!”

ನಾನು ಮುಂದಿನ ಹಾಳೆ ಎತ್ತಿಕೊಂಡೆ.

ಸಂಜೆ ನನ್ನಮ್ಮನೂ ಸಂತೆಯಿಂದ ಮನೆಗೆ ಬಂದಳು. ಬುಟ್ಟಿ ಇಳಿಸುತ್ತ, “ಏನೋ, ಇವತ್ತು ಮಕ್ಕಳಿಗೆ ಏನು ಕಲಿಸಿದೆ?” ಎಂದಳು.

ನಾನು ಕೈ ತೊಳೆಯಲು ಎದ್ದುಹೋದೆ.