ಹಾರದ ಹನ್ನೆರಡು ಗಂಟೆ

ಚಿಕ್ಕಪ್ಪನಿಗೆ,

ವಿದೇಶಿ ವಿಮಾನ ಕಂಪನಿಯವರು ನನ್ನ ಹಾರಾಟದ ಲಾಗ್‌ಬುಕ್ಕನ್ನು ನಿಮ್ಮ ತರಬೇತಿ ಶಾಲೆಯ ರಿಪೇರಿ ಪುಸ್ತಕದ ಪಕ್ಕದಲ್ಲಿಟ್ಟು ಕೇಳಿದರು: "ಆ ವಾರ ಈ ವಿಮಾನದ ಇಂಜಿನ್ ಬಿಚ್ಚಿಟ್ಟಿದ್ರಲ್ಲ, ನೀವು ಹೇಗಮ್ಮ ಹಾರಿಸಿದ್ರಿ?"

ಕೆಲಸಕ್ಕೆ ಬೇಕಾದ ಸಾವಿರ ಗಂಟೆಗೆ ಹನ್ನೆರಡು ಕಡಿಮೆ ಬಿತ್ತೆಂದು, ನಾನು ಹಾರದ ಆ ಗಂಟೆಗಳನ್ನು ನೀವೇ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದ್ದಿರಿ. "ಸಾವಿರದಲ್ಲಿ ಹನ್ನೆರಡು ಯಾರ ಕಣ್ಣಿಗೆ ಬೀಳುತ್ತೆ, ಸುಮ್ನಿರು ಮಗಳೇ" ಅಂದಿರಿ. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಈಗ ಉಳಿದ ಒಂಬೈನೂರ ಎಂಬತ್ತೆಂಟನ್ನೂ ಅವರು ನಂಬುತ್ತಿಲ್ಲ.

ಅಪ್ಪನನ್ನು ಸಂಧಾನಕ್ಕೆ ಕಳಿಸಬೇಡಿ. ಆ ಹನ್ನೆರಡು ಗಂಟೆಗಳು ಸುಳ್ಳೆಂದು ಬರೆದು, ಶಾಲೆಯ ಮೊಹರು ಒತ್ತಿ ಸೋಮವಾರದೊಳಗೆ ಕಂಪನಿಗೆ ಕಳಿಸಿ. ಹನ್ನೆರಡನ್ನೂ ನಾನು ಹಾರಿಸಿಯೇ ತುಂಬುತ್ತೇನೆ. ಪಕ್ಕದ ಸೀಟಿನಲ್ಲಿ ಮಾತ್ರ ನೀವು ಕೂರಕೂಡದು.

ಇತಿ,
ಇಷ್ಟು ದಿನ ನಿಮ್ಮ ಮಗಳೆಂದೇ ಸಹಿ ಹಾಕುತ್ತಿದ್ದ
ನಿಮ್ಮ ಅಣ್ಣನ ಮಗಳು