ಬಾಗಿಲಿಗೆ ಸಿಕ್ಕಿದ ಬೆರಳು

ಅಪ್ಪಾ,

ನೀವಿದ್ದಿದ್ದರೆ ಇವತ್ತು ನಕ್ಕುಬಿಡುತ್ತಿದ್ದಿರಿ. ಐರೋಲಿಯ ಶಾಲಾ ಕಬಡ್ಡಿಯಲ್ಲಿ ನಿಮ್ಮ ಮೊಮ್ಮಗಳು ದಿಶಾಳ ಬಲಗೈ ಕಿರುಬೆರಳು ಊದಿಕೊಂಡಿತು. ಜಡೆಯ ರಿಬ್ಬನ್ನಿನಿಂದ ಅದನ್ನು ಪಕ್ಕದ ಬೆರಳಿಗೆ ಕಟ್ಟಿಕೊಂಡು ಕೊನೆಯವರೆಗೂ ಆಡಿದಳು, ಗೆದ್ದಳು. ಹೊರಗೆ ಕರೆಯಲು ನನಗೆ ಮನಸ್ಸಾಗಲಿಲ್ಲ. ಡಾಕ್ಟರು ಬರೀ ಉಳುಕು ಎಂದರು.

"ಮಮ್ಮೀ, ಪಪ್ಪಂಗೆ ಹೇಳ್ಬೇಡ, ಪ್ಲೀಸ್. ಮತ್ತೆ ಆಡ್ಲಿಕ್ಕೆ ಬಿಡುದಿಲ್ಲ" ಎಂದವಳು, ಮನೆಗೆ ಬಂದು, ಬೆರಳು ಬಾಗಿಲಿಗೆ ಸಿಕ್ಕಿತು ಎಂದಳು. ಅವಳಪ್ಪ ರಂಜನ್ ನನ್ನತ್ತ ನೋಡಿ ಮುಗುಳ್ನಕ್ಕು, ಅನ್ನ ಕಲಸಿ ಅವಳಿಗೆ ತುತ್ತು ಕೊಟ್ಟರು.

ಕಬಡ್ಡಿ ಬೇಡವೆಂದಿದ್ದ ನಿಮಗೆ ನಾನು ಶಾಲೆಯಲ್ಲಿದ್ದಾಗ ಹೇಳಿದ್ದೂ ಅದೇ ಬಾಗಿಲಿನ ಕಥೆ. ಹೋಟೆಲಿನ ಕೆಲಸ ಮುಗಿಸಿ ಬಂದವರೇ ಕೈತೊಳೆದು ನೀವೂ ಹೀಗೇ ತುತ್ತು ಕೊಟ್ಟಿದ್ದಿರಿ. ಯಾವ ಬಾಗಿಲು ಎಂದು ಕೇಳಿರಲಿಲ್ಲ.

ಅವತ್ತು ಗೆದ್ದ ಪದಕವನ್ನು ಪಾಟಿಚೀಲದ ತಳದಲ್ಲಿ ಅಡಗಿಸಿಟ್ಟಿದ್ದೆ, ಅಪ್ಪಾ. ನಿಮಗೆ ತೋರಿಸಬಹುದಿತ್ತು.