ವಿಮಲಾಳ ಓಝೋನು

ಸೇಡಂ
೧೨ ಫೆಬ್ರವರಿ ೧೯೫೫

ಪ್ರೀತಿಯ ಮಗಳು ವಿಮಲಾಗೆ ಅವ್ವನ ಆಶೀರ್ವಾದಗಳು.

ನಿನ್ನ ನೆಗಡಿ ಹೋಯಿತೇ? ರೊಟ್ಟಿಗೆ ಹಚ್ಚಿಕೊಳ್ಳಲಿ ಅಂತ ಕಳಿಸಿದ ಶೇಂಗಾ ಹಿಂಡಿಯನ್ನೆಲ್ಲ ಹಾಸ್ಟೆಲಿನ ಗೆಳತಿಯರಿಗೆ ಹಂಚಿ ನೀನು ಖಾಲಿ ಡಬ್ಬಿ ನೋಡುತ್ತ ಕೂತಿರುತ್ತೀ, ನನಗೆ ಗೊತ್ತು. ನಾವು ಕ್ಷೇಮ. ತೊಗರಿ ಮನೆಗೆ ಬಂತು. ಶಿವರಾತ್ರಿಗೆ ಮೊದಲೇ ಅಂಗಳದ ಶಹಾಬಾದ್ ಕಲ್ಲು ಕಾಲು ಸುಡುತ್ತಿದೆ.

ಚಿಂಚೋಳಿಯ ಸಂಬಂಧ ಒಲ್ಲೆ, ಹೈದರಾಬಾದಿನಲ್ಲೇ ಮುಂದೆ ಓದುತ್ತೇನೆ ಅಂತ ನೀನು ಹೋದಾಗಿನಿಂದ ನಿಮ್ಮಪ್ಪ ನಿನ್ನ ಹೆಸರೆತ್ತಿಲ್ಲ. ಅದಕ್ಕೇ ನಿನ್ನ ಪತ್ರ ಬಂದಾಗಲೆಲ್ಲ ಪಕ್ಕದ ಮನೆಯ ಹಮೀದಾಬೇಗಂಳನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು, ಹೊರಗೆ ಕಟ್ಟೆಯ ಮೇಲಿರುವ ಅವರಿಗೂ ಕೇಳುವಂತೆ ಓದುತ್ತೇನೆ. ‘ನಾ ಏನ್ ಕಿವುಡಿ ಏನ್ರಿ ಬಾಯಿ’ ಅಂತ ಆಕೆ ನಗುತ್ತಾಳೆ.

ಈ ಸಲದ ಪತ್ರವನ್ನೂ ಹಾಗೇ ಓದಿದೆ. ಮೋಡಗಳಿಗಿಂತ ಭಾಳ ಮೇಲೆ ಬಿಸಿಲಿನ ಚೂಪು ಕಿರಣ ಆಮ್ಲಜನಕದ ಜೋಡಿಯನ್ನು ಒಡೆಯುತ್ತದೆ, ಒಂಟಿಯಾದದ್ದು ಇನ್ನೊಂದು ಜೋಡಿಗೆ ಸೇರಿ ಓಝೋನ್ ಆಗುತ್ತದೆ ಅಂತ ನೀನು ಬರೆದದ್ದು. ‘ಬಿಸಿಲು ಸೀರಿ ಬಣ್ಣ ತಿಂತದ, ಗಾಳಿನೂ ಬಿಡೂದಿಲ್ಲೇನು’ ಅಂದಳು ಬೇಗಂ. ನನಗೂ ಪಂಡಿತಳಾಗುವ ಹುಕಿ ಬಂತು. ನಮ್ಮನ್ನು ಕಾಯುವ ಆ ಓಝೋನನ್ನೂ ಅದೇ ಬಿಸಿಲು ಒಡೆಯುತ್ತದೆ, ಒಂದು ದಿನ ಎಲ್ಲ ಮುಗಿದು ನಾವು ಸುಟ್ಟು ಹೋಗುತ್ತೇವೆ ಅಂದುಬಿಟ್ಟೆ. ಪಾಪ, ಆಕೆ ಎದೆ ಹಿಡಿದುಕೊಂಡಳು. ಆಗ ಕಟ್ಟೆಯಿಂದ, ಬೇವಿನ ಗಿಡಕ್ಕೆ ಹೇಳಿದ ಹಾಗೆ, ಒಂದು ದನಿ ಬಂತು: ‘ಮುಗಿಯೂದಿಲ್ಲ. ಒಡೀತದ, ಮತ್ತ ಕೂಡತದ. ಹಂಗ ಒಡಿಯೂದ್ರಾಗೇ ಬಿಸಿಲಿನ ಚೂಪು ಖರ್ಚಾಗತದ. ಹೋದ ಪತ್ರದಾಗೇ ಬರದಾಳಲ್ಲ.’

ಬರದಾಳ ಅಂದರು, ವಿಮಲಾ. ಯಾರು ಅಂತ ನಾನು ಕೇಳಲಿಲ್ಲ. ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅಷ್ಟೆತ್ತರದ ಸಂಗತಿಯನ್ನು ನಮ್ಮ ಪಡಸಾಲೆಗೆ ತಿಳಿಯುವಂತೆ ಬರೆಯುವ ಮಗಳು ನನಗಿದ್ದಾಳೆ, ಅದನ್ನು ಒಂದಕ್ಷರ ಬಿಡದೆ ನೆನಪಿಟ್ಟ ಗಂಡನೂ ಇದ್ದಾನೆ. ಇಬ್ಬರ ಮೇಲೂ ನನಗೆ ಭಾಳ ಅಭಿಮಾನ ಆಯಿತು.

ಶುಕ್ರವಾರ ಕಾಲೇಜಿನಲ್ಲಿ ಈ ಓಝೋನಿನ ಭಾಷಣಕ್ಕೆ ನಿಂತಾಗ ನೀಲಿ ಇಳಕಲ್ಲು ಉಟ್ಟುಕೋ. ಗೊಣಗಬೇಡ, ನಾನು ಓದುವ ಹಾಗೆ ಗಟ್ಟಿಯಾಗಿ ಹೇಳು. ಬೇಗಂ ನಿನಗೆ ದುವಾ ಹೇಳಿದ್ದಾಳೆ. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ
ಸೂಗಮ್ಮ

ತಾ.ಕ.: ಟಪ್ಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ನಿಮ್ಮಪ್ಪ ಗುರುವಾರದ ಗಾಡಿಗೆ ಅಲ್ಲಿಗೆ ಬರುತ್ತಿದ್ದಾರೆ. ಏನೋ ಕೆಲಸವಿದೆಯಂತೆ, ಯಾವ ಕೆಲಸವೂ ಇಲ್ಲ. ನಿನ್ನ ಭಾಷಣ ಮುಗಿದ ಮೇಲೆ ಎದ್ದು ನಿಂತು ‘ರಾತ್ರಿ ಬಿಸಿಲಿಲ್ಲದಾಗ ಓಝೋನ್ ಏನಾಗತದ’ ಅಂತ ಕೇಳಲಿಕ್ಕೆ ಕನ್ನಡಿ ಮುಂದೆ ರೂಢಿ ಮಾಡಿಕೊಳ್ಳುತ್ತಿದ್ದಾರೆ. ಎರಡು ವರ್ಷದ ಮೇಲೆ ಅವರು ನಿನ್ನ ಜೊತೆ ಆಡುವ ಮೊದಲ ಮಾತು ಅದು. ಉತ್ತರ ಸಾವಕಾಶ ಹೇಳು.